ಒಂದೇ ಚಿಪ್‌ಗೆ ಹಲವು ಕಿವಿ

ದನಿಯನ್ನು ನೇರವಾಗಿ ಅಂಕಿಗಳಾಗಿ ಹೊರಗೆ ಕೊಡುವ ಮೈಕಿಗೆ ಡಿಜಿಟಲ್ ಮೈಕ್ರೊಫೋನ್ ಎನ್ನುತ್ತಾರೆ. ಹವ್ಯಾಸಿಗಳು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಐಎನ್‌ಎಂಪಿ441 ಎಂಬ ಮೈಕು ಐದು ಮಿಲಿಮೀಟರ್ ಉದ್ದವೂ ಇಲ್ಲ, ದಪ್ಪ ಒಂದು ಮಿಲಿಮೀಟರ್. ಅದರ ಲೋಹದ ಡಬ್ಬಿಯೊಳಗೆ ಸಿಲಿಕಾನಿನ ಒಂದು ತೆಳು ಪೊರೆ, ಪೊರೆಯ ಎದುರಿಗೆ ತೂತುಗಳಿರುವ ಗಟ್ಟಿ ಫಲಕ. ದನಿಯ ಅಲೆ ಬಂದು ಪೊರೆ ಅಲುಗಿದಾಗ ಎರಡರ ನಡುವಿನ ಧಾರಕತೆ, ಅಂದರೆ ವಿದ್ಯುದಂಶ ಹಿಡಿದಿಡುವ ಶಕ್ತಿ, ಹೆಚ್ಚುಕಡಿಮೆಯಾಗುತ್ತದೆ. ಅದೇ ಡಬ್ಬಿಯಲ್ಲಿರುವ ಇನ್ನೊಂದು ಚಿಪ್ ಈ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಅಂಕಿಯಾಗಿ ತಂತಿಗೆ ಬಿಡುತ್ತದೆ. ಆ ಅಂಕಿಗಳನ್ನು ಓದಿಕೊಂಡು ಮುಂದಿನ ಕೆಲಸ ಮಾಡುವುದು ಮೈಕ್ರೊಕಂಟ್ರೋಲರ್, ಅಂದರೆ ಸಂಸ್ಕಾರಕ, ಸ್ಮೃತಿ, ಹೊರಗಿನ ತಂತಿಗಳನ್ನು ಸೇರಿಸಲು ಪಿನ್‌ಗಳು ಎಲ್ಲವೂ ಒಂದೇ ತುಣುಕಿನಲ್ಲಿರುವ ಪುಟ್ಟ ಕಂಪ್ಯೂಟರ್.

ಒಂದು ಮೈಕನ್ನು ಇಂಥ ಚಿಪ್‌ಗೆ ಜೋಡಿಸುವುದು ಒಂದು ಮಧ್ಯಾಹ್ನದ ಕೆಲಸ. ಎರಡು, ನಾಲ್ಕು, ಎಂಟು ಮೈಕುಗಳನ್ನು ಜೋಡಿಸಲು ಹೊರಟಾಗ ವಿಷಯ ಬೇರೆಯೇ ಆಗುತ್ತದೆ. ಹಲವು ಮೈಕುಗಳು ಬೇಕಾಗುವುದು ದನಿಯನ್ನು ಜೋರು ಮಾಡಲಿಕ್ಕಲ್ಲ. ದನಿ ಯಾವ ಕಡೆಯಿಂದ ಬಂತು ಎಂದು ತಿಳಿಯುವುದು, ಬೇಕಾದ ದನಿಯನ್ನು ಉಳಿದ ಸದ್ದಿನಿಂದ ಬೇರ್ಪಡಿಸುವುದು, ಮೈಕಿನೊಳಗಿನ ಸ್ವಂತ ಗುಸುಗುಸುವನ್ನು ತಗ್ಗಿಸುವುದು, ಈ ಮೂರು ಕೆಲಸ ಒಂದು ಮೈಕಿನಿಂದ ಆಗುವುದಿಲ್ಲ.

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಈ ಮೂರಕ್ಕೂ ಜಾಗವಿದೆ. ಕಲಘಟಗಿ ತಾಲ್ಲೂಕಿನ ಕಾಡಂಚಿನ ಹೊಲಗಳಲ್ಲಿ ಗೋವಿನಜೋಳ ತೆನೆಗಟ್ಟಿತೆಂದರೆ ರಾತ್ರಿ ಕಾಡುಹಂದಿಗಳ ಕಾಟ. ಸದ್ದಾದುದನ್ನು ಹೇಳುವ ಯಂತ್ರಕ್ಕಿಂತ ಸದ್ದು ಯಾವ ಬದುವಿನ ಕಡೆಯಿಂದ ಬಂತು ಎಂದು ಹೇಳುವ ಯಂತ್ರ ಅಟ್ಟಣೆಯ ಮೇಲೆ ಕಾವಲಿರುವ ರೈತನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನವಲಗುಂದದ ಎರೆಹೊಲದ ರೈತ ಮಾತಿನಲ್ಲೇ ಪ್ರಶ್ನೆ ಕೇಳಿ ಮಾತಿನಲ್ಲೇ ಉತ್ತರ ಪಡೆಯುವ ಯಂತ್ರವೊಂದನ್ನು ಕಚೇರಿಯೊಂದರ ಮೂಲೆಯಲ್ಲಿ ಇಟ್ಟರೆ, ಮೇಲೆ ತಿರುಗುವ ಫ್ಯಾನು, ಹೊರಗೆ ನಿಂತ ಟ್ರ್ಯಾಕ್ಟರ್, ಪಕ್ಕದಲ್ಲಿ ನಡೆಯುವ ಇನ್ನೊಂದು ಮಾತುಕತೆ ಇವುಗಳ ನಡುವಿನಿಂದ ಒಬ್ಬನ ದನಿಯನ್ನು ಅದು ಆರಿಸಿಕೊಳ್ಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಶಾಂತ ಕುಮಾರ ಘೋಷ್ ಅವರ ನೇತೃತ್ವದಲ್ಲಿ ನಡೆದ ರೆಸ್ಪಿನ್ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಕೃಷಿ ಮತ್ತು ಹಣಕಾಸಿಗೆ ಸಂಬಂಧಿಸಿದ ಮಾತಿನ ಮಾದರಿಗಳನ್ನು ಸಂಗ್ರಹಿಸಿದ್ದು ಇಂಥ ಬಳಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ. ಮಾತು ಮತ್ತು ಕಂಪ್ಯೂಟರಿನ ಕುರಿತ ಸ್ಪೆಕಾಮ್ ಅಂತರರಾಷ್ಟ್ರೀಯ ಸಮ್ಮೇಳನದ 25ನೇ ಅಧಿವೇಶನ 2023ರ ನವೆಂಬರ್ 29ರಿಂದ ಡಿಸೆಂಬರ್ 2ರವರೆಗೆ ಧಾರವಾಡದಲ್ಲೇ ನಡೆಯಿತು. ಆದರೆ ಮಾತನ್ನು ಗುರುತಿಸುವ ತಂತ್ರಾಂಶ ಎಷ್ಟೇ ಜಾಣವಾಗಿರಲಿ, ಅದರ ಬಾಗಿಲಿಗೆ ಬರುವ ದನಿ ಕಲಸಿಹೋಗಿದ್ದರೆ ಪ್ರಯೋಜನವಿಲ್ಲ. ಕಲಸಿದ್ದನ್ನು ಬಿಡಿಸುವ ಮೊದಲ ಕೆಲಸ ಮೈಕುಗಳ ಜೋಡಣೆಯಲ್ಲೇ ಶುರುವಾಗುತ್ತದೆ.

ಎಲ್ಲಕ್ಕೂ ಒಂದೇ ತಾಳ

ಹಲವು ಮೈಕುಗಳನ್ನು ಜೋಡಿಸುವಾಗ ಹೊಸಬರಿಗೆ ಮೊದಲು ಕಾಣುವ ಅಡ್ಡಿ ಪಿನ್‌ಗಳ ಕೊರತೆ. ಅದು ದೊಡ್ಡ ಅಡ್ಡಿಯಲ್ಲ. ನಿಜವಾದ ಪ್ರಶ್ನೆ ಕಾಲದ್ದು. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಒಂದಕ್ಕೊಂದು 20 ಸೆಂಟಿಮೀಟರ್ ದೂರವಿರುವ ಎರಡು ಮೈಕುಗಳಿಗೆ ಅದೇ ದನಿ ತಲುಪುವುದರಲ್ಲಿ ಹೆಚ್ಚೆಂದರೆ 583 ಮೈಕ್ರೊಸೆಕೆಂಡ್ ಅಂತರ ಇರಬಹುದು. ಒಂದು ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. ದಿಕ್ಕಿನ ಸುಳಿವು ಅಡಗಿರುವುದು ಈ ಚಿಕ್ಕ ಅಂತರದಲ್ಲಿ ಮಾತ್ರ. ಎರಡು ಮೈಕುಗಳೂ ತಮ್ಮ ತಮ್ಮ ಗಡಿಯಾರದಂತೆ ಅಳೆಯತೊಡಗಿದರೆ ಈ ಸುಳಿವು ಮೊದಲ ನಿಮಿಷದೊಳಗೇ ಅಳಿಸಿಹೋಗುತ್ತದೆ.

ಎಷ್ಟು ಬೇಗ ಅಳಿಸಿಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಬಹುದು. ಸಾಮಾನ್ಯ ಕ್ರಿಸ್ಟಲ್ ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇರುವುದು ಮಾಮೂಲು. ಒಂದು ನಿಮಿಷದಲ್ಲಿ ಅದು 1.2 ಮಿಲಿಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ ಶಬ್ದ 41 ಸೆಂಟಿಮೀಟರ್ ದೂರ ಹೋಗಿರುತ್ತದೆ, ಮೈಕುಗಳ ನಡುವಿನ ಅಂತರದ ಎರಡರಷ್ಟು. ಹಾಗಾಗಿ ನಾಲ್ಕು ಮೊಬೈಲ್ ಫೋನುಗಳನ್ನು ಮೇಜಿನ ನಾಲ್ಕು ಮೂಲೆಗಿಟ್ಟು ರೆಕಾರ್ಡ್ ಮಾಡಿದರೆ ಸಿಗುವುದು ನಾಲ್ಕು ಬೇರೆ ಬೇರೆ ರೆಕಾರ್ಡಿಂಗ್. ನಾಲ್ಕು ಮೈಕುಗಳನ್ನು ಒಂದೇ ಚಿಪ್‌ಗೆ ಸರಿಯಾಗಿ ಜೋಡಿಸಿದರೆ ನಾಲ್ಕು ಕಿವಿಗಳ ಒಂದು ಕೇಳ್ಮೆ ಸಿಗುತ್ತದೆ. ಶ್ರಾವಣದ ಭಜನಾ ಮೇಳದಲ್ಲಿ ಹಾಡುವವರು ಎಷ್ಟೇ ಜನರಿದ್ದರೂ ತಾಳ ಒಂದೇ ಇರುವಂತೆ, ಇಲ್ಲಿ ಮೈಕುಗಳು ಎಷ್ಟೇ ಇದ್ದರೂ ಕ್ಲಾಕ್ ತಂತಿ ಒಂದೇ ಇರಬೇಕು. ಮುಂದೆ ಹೇಳುವ ಜೋಡಣೆಯ ಬಗೆಗಳೆಲ್ಲ ಈ ಒಂದು ನಿಯಮವನ್ನು ಪಾಲಿಸುವ ಬೇರೆ ಬೇರೆ ದಾರಿಗಳು.

ಮೂರು ತಂತಿಯ ದಾರಿ

ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಐ-ಟು-ಎಸ್ ಎಂಬ ಪದ್ಧತಿ. ಫಿಲಿಪ್ಸ್ ಕಂಪನಿ 1986ರಲ್ಲಿ, ಸಿ.ಡಿ. ಪ್ಲೇಯರ್‌ಗಳು ಮನೆಗಳಿಗೆ ಬರುತ್ತಿದ್ದ ಕಾಲದಲ್ಲಿ, ಒಂದೇ ಯಂತ್ರದೊಳಗಿನ ಚಿಪ್‌ಗಳು ಪರಸ್ಪರ ದನಿಯನ್ನು ದಾಟಿಸಿಕೊಳ್ಳಲೆಂದು ಇದನ್ನು ರೂಪಿಸಿತು. ಸ್ಟೀರಿಯೊ ದನಿಗೆ ಎಡ, ಬಲ ಎಂಬ ಎರಡು ಭಾಗಗಳಿವೆಯಷ್ಟೆ. ಆ ಎರಡನ್ನೂ ಒಂದೇ ತಂತಿಯಲ್ಲಿ ಸರದಿಯಂತೆ ಕಳಿಸುವುದೇ ಇದರ ತಿರುಳು.

ತಂತಿಗಳು ಮೂರು. ಮೊದಲನೆಯದು ಬಿಟ್ ಕ್ಲಾಕ್. ಇದರ ಪ್ರತಿ ಮಿಡಿತಕ್ಕೆ ಒಂದು ಬಿಟ್, ಅಂದರೆ ಸೊನ್ನೆ ಇಲ್ಲವೇ ಒಂದು, ದಾಟುತ್ತದೆ. ಎರಡನೆಯದು ವರ್ಡ್ ಸೆಲೆಕ್ಟ್. ಇದು ತಗ್ಗಿದಾಗ ಎಡ ಮೈಕಿನ ಸರದಿ, ಏರಿದಾಗ ಬಲ ಮೈಕಿನ ಸರದಿ. ಮೂರನೆಯದು ಡೇಟಾ ತಂತಿ. ಮೊದಲ ಎರಡನ್ನು ಮೈಕ್ರೊಕಂಟ್ರೋಲರ್ ನಡೆಸುತ್ತದೆ, ಮೂರನೆಯದರಲ್ಲಿ ಮೈಕು ಮಾತಾಡುತ್ತದೆ. ಪ್ರತಿ ಮೈಕಿನ ಮೇಲೆ ಎಡ-ಬಲ ಆರಿಸುವ ಒಂದು ಪಿನ್ ಇರುತ್ತದೆ. ಅದನ್ನು ಗ್ರೌಂಡ್‌ಗೆ ಸೇರಿಸಿದರೆ ಆ ಮೈಕು ಎಡದ್ದು, 3.3 ವೋಲ್ಟ್‌ಗೆ ಸೇರಿಸಿದರೆ ಬಲದ್ದು. ತನ್ನ ಸರದಿ ಅಲ್ಲದಾಗ ಮೈಕು ಡೇಟಾ ತಂತಿಯನ್ನು ಪೂರ್ತಿ ಬಿಟ್ಟುಕೊಡುತ್ತದೆ, ಅಲ್ಲಿ ಅದು ಇಲ್ಲವೇ ಇಲ್ಲವೆಂಬಂತೆ. ಹೀಗಾಗಿ ಎರಡು ಮೈಕುಗಳ ಮೂರೂ ತಂತಿಗಳನ್ನು ಒಂದಕ್ಕೊಂದು ಸೇರಿಸಿ, ಆರಿಸುವ ಪಿನ್ ಒಂದನ್ನು ಮಾತ್ರ ಬೇರೆ ಮಾಡಿದರೆ ಮೂರೇ ತಂತಿಯಲ್ಲಿ ಎರಡು ಮೈಕುಗಳು ಬಂದವು. ಎರಡನ್ನೂ ಎಡಕ್ಕೇ ಅಥವಾ ಎರಡನ್ನೂ ಬಲಕ್ಕೇ ಸೇರಿಸಿಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಆಗ ಎರಡೂ ಒಂದೇ ಹೊತ್ತಿಗೆ ತಂತಿಯನ್ನು ಎಳೆದಾಡಿ ಅರ್ಥವಿಲ್ಲದ ಅಂಕಿಗಳು ಬರುತ್ತವೆ, ಇನ್ನರ್ಧ ಸರದಿ ಖಾಲಿ ಹೋಗುತ್ತದೆ.

ಸೆಕೆಂಡಿಗೆ 16,000 ಅಳತೆ ಮಾತಿಗೆ ಸಾಕು, ಏಕೆಂದರೆ ಇದರಿಂದ 8,000 ಹರ್ಟ್ಸ್‌ವರೆಗಿನ ದನಿ ಹಿಡಿಯುತ್ತದೆ. ಪ್ರತಿ ಸರದಿಗೆ 32 ಬಿಟ್‌ನಂತೆ ಎರಡು ಸರದಿಗೆ 64. ಅಂದರೆ ಬಿಟ್ ಕ್ಲಾಕ್ ಸೆಕೆಂಡಿಗೆ 10,24,000 ಸಲ ಮಿಡಿಯಬೇಕು. 48,000 ಅಳತೆ ಬೇಕೆಂದರೆ 30,72,000 ಸಲ. ಈ ವೇಗ ಇಂದಿನ ಮೈಕ್ರೊಕಂಟ್ರೋಲರ್‌ಗೆ ಭಾರವಲ್ಲ.

ನಾಲ್ಕು ಮೈಕುಗಳಿಗೆ ಎರಡು ಡೇಟಾ ತಂತಿ ಬೇಕು. ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ32 ಚಿಪ್‌ನಲ್ಲಿ ಐ-ಟು-ಎಸ್ ಘಟಕಗಳು ಎರಡಿವೆ. ಪ್ರತಿ ಘಟಕಕ್ಕೆ ಎರಡರಂತೆ ನಾಲ್ಕು ಮೈಕುಗಳು ಅದಕ್ಕೆ ಸುಲಭವಾಗಿ ಹಿಡಿಸುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಜನ ಎಡವುವುದು ಇಲ್ಲಿಯೇ. ಎರಡೂ ಘಟಕಗಳನ್ನು ತಮ್ಮ ತಮ್ಮ ಕ್ಲಾಕ್ ಹುಟ್ಟಿಸಲು ಬಿಟ್ಟರೆ ಅವು ಒಂದೇ ಕ್ಷಣದಲ್ಲಿ ಶುರುವಾಗುವುದಿಲ್ಲ. ಪ್ರತಿ ಸಲ ಯಂತ್ರ ಚಾಲೂ ಮಾಡಿದಾಗಲೂ ಎರಡು ಜೋಡಿಗಳ ನಡುವಿನ ಅಂತರ ಬೇರೆ ಇರುತ್ತದೆ. ನಾಲ್ಕೂ ಮೈಕುಗಳಿಂದ ದನಿ ಬರುತ್ತಿರುವುದರಿಂದ ಎಲ್ಲ ಸರಿಯಿದೆ ಎಂದೇ ತೋರುತ್ತದೆ, ದಿಕ್ಕು ಮಾತ್ರ ತಪ್ಪಾಗಿರುತ್ತದೆ. ಇದಕ್ಕೆ ಪರಿಹಾರವೆಂದರೆ ಮೊದಲ ಘಟಕವನ್ನು ಯಜಮಾನನಾಗಿ ಇಟ್ಟು, ಅದರ ಎರಡು ಕ್ಲಾಕ್ ತಂತಿಗಳನ್ನು ನಾಲ್ಕೂ ಮೈಕುಗಳಿಗೆ ಮಾತ್ರವಲ್ಲ, ಎರಡನೆಯ ಘಟಕದ ಪಿನ್‌ಗಳಿಗೂ ಹಾಯಿಸಿ, ಆ ಘಟಕವನ್ನು ಹೊರಗಿನ ಕ್ಲಾಕ್ ಕೇಳಿ ನಡೆಯುವಂತೆ ಮಾಡುವುದು. ಕೇಳುವ ಘಟಕವನ್ನು ಮೊದಲು ಸಿದ್ಧ ಮಾಡಿಟ್ಟು, ಕ್ಲಾಕ್ ಕೊಡುವ ಘಟಕವನ್ನು ಆಮೇಲೆ ಚಾಲೂ ಮಾಡಬೇಕು.

ರಾಸ್ಪ್‌ಬೆರಿ ಪೈ ಸಂಸ್ಥೆ 2021ರ ಜನವರಿಯಲ್ಲಿ ನಾಲ್ಕು ಡಾಲರ್ ಬೆಲೆಗೆ ಬಿಡುಗಡೆ ಮಾಡಿದ ಪಿಕೊ ಬೋರ್ಡ್ ಇದೇ ಕೆಲಸಕ್ಕೆ ಇನ್ನೊಂದು ಚೆಂದದ ದಾರಿ ತೋರಿಸಿತು. ಅದರ ಆರ್‌ಪಿ2040 ಚಿಪ್‌ನಲ್ಲಿ ಐ-ಟು-ಎಸ್‌ಗೆಂದೇ ಮೀಸಲಾದ ಘಟಕವಿಲ್ಲ. ಬದಲಿಗೆ ಪಿನ್‌ಗಳನ್ನು ಬೇಕಾದ ಲಯದಲ್ಲಿ ನಡೆಸುವ ಎಂಟು ಪುಟ್ಟ ಯಂತ್ರಗಳಿವೆ. ಇವಕ್ಕೆ ಕೆಲವೇ ಸಾಲಿನ ಪ್ರೋಗ್ರಾಂ ಬರೆದು ಒಂದೇ ಕ್ಲಾಕ್ ಹುಟ್ಟಿಸಿ, ಪ್ರತಿ ಮಿಡಿತಕ್ಕೆ ಅಕ್ಕಪಕ್ಕದ ನಾಲ್ಕು ಡೇಟಾ ಪಿನ್‌ಗಳನ್ನು ಒಮ್ಮೆಗೇ ಓದಿಸಬಹುದು. ನಾಲ್ಕು ತಂತಿಗೆ ಎರಡೆರಡರಂತೆ ಎಂಟು ಮೈಕುಗಳಾದವು. ಎಂಟೂ ಒಂದೇ ತಾಳಕ್ಕೆ ಕಟ್ಟುಬಿದ್ದಿರುವುದರಿಂದ ಯಜಮಾನ, ಅನುಚರ ಎಂಬ ತೊಡಕೂ ಇಲ್ಲ. ನಾಲ್ಕು ತಂತಿಗಳ ಬಿಟ್‌ಗಳು ಒಂದರೊಳಗೊಂದು ಹೆಣೆದುಕೊಂಡು ಬರುತ್ತವೆ, ಅವನ್ನು ಬಿಡಿಸಿ ಜೋಡಿಸುವ ಕೆಲಸವನ್ನು ಮಾತ್ರ ಆಮೇಲೆ ಮಾಡಬೇಕಾಗುತ್ತದೆ. ಕಡಿಮೆ ಖರ್ಚಿನಲ್ಲಿ ಹೆಚ್ಚು ಮೈಕು ಬೇಕೆನ್ನುವ ತಾಲ್ಲೂಕು ಮಟ್ಟದ ಕಾಲೇಜಿಗೆ ಈ ದಾರಿಯೇ ಒಳ್ಳೆಯದು.

ಉಳಿದೆರಡು ಪದ್ಧತಿಗಳು

ಮೊಬೈಲ್ ಫೋನುಗಳಲ್ಲಿ ಹೆಚ್ಚಾಗಿ ಇರುವುದು ಪಿಡಿಎಂ ಮೈಕುಗಳು. ಇವು ಪೂರ್ತಿ ಅಂಕಿಯನ್ನು ಕೊಡುವುದಿಲ್ಲ. ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಬರೀ ಒಂದು ಬಿಟ್ ಕೊಡುತ್ತಾ ಹೋಗುತ್ತವೆ. ಪೊರೆಯ ಒತ್ತಡ ಹೆಚ್ಚಾದಾಗ ಒಂದುಗಳು ಒತ್ತಾಗಿ ಬರುತ್ತವೆ, ಕಡಿಮೆಯಾದಾಗ ಸೊನ್ನೆಗಳು. ಈ ಬಿಟ್‌ಗಳ ಪ್ರವಾಹವನ್ನು ಸೋಸಿ, ಪ್ರತಿ 64 ಬಿಟ್‌ಗೆ ಒಂದರಂತೆ ಅಂಕಿಗೆ ಇಳಿಸುವ ಕೆಲಸ ಮೈಕ್ರೊಕಂಟ್ರೋಲರಿನದು. ತಂತಿಗಳು ಎರಡೇ, ಕ್ಲಾಕ್ ಮತ್ತು ಡೇಟಾ. ಕ್ಲಾಕ್ ಏರುವಾಗ ಒಂದು ಮೈಕಿನ ಸರದಿ, ಇಳಿಯುವಾಗ ಇನ್ನೊಂದರದು, ಹಾಗಾಗಿ ಇಲ್ಲಿಯೂ ಒಂದು ಡೇಟಾ ತಂತಿಗೆ ಎರಡು ಮೈಕು. ಮೈಕು ಅಗ್ಗವಾಗುತ್ತದೆ, ಚಿಪ್‌ನ ಕೆಲಸ ಹೆಚ್ಚುತ್ತದೆ. ಸೋಸುವ ಕೆಲಸಕ್ಕೆ ಪ್ರತ್ಯೇಕ ಘಟಕವೇ ಇರುವ ಎಸ್‌ಟಿಎಂ32 ಸರಣಿಯ ಕೆಲವು ಚಿಪ್‌ಗಳು, ಇಎಸ್‌ಪಿ32-ಎಸ್3 ಮುಂತಾದವು ಇದಕ್ಕೆ ಹೊಂದುತ್ತವೆ.

ಟಿಡಿಎಂ ಎಂಬ ಮೂರನೆಯ ಪದ್ಧತಿ ಐ-ಟು-ಎಸ್‌ನ ಸರದಿಯನ್ನೇ ಹಿಗ್ಗಿಸುತ್ತದೆ. ಎಡ-ಬಲ ಎಂಬ ಎರಡರ ಬದಲು ಎಂಟು ಅಥವಾ ಹದಿನಾರು ಸರದಿಗಳು. ಐಸಿಎಸ್-52000 ಎಂಬ ಮೈಕಿನಲ್ಲಿ ಒಂದು ಮೈಕು ತನ್ನ ಸರದಿ ಮುಗಿಸಿ ಮುಂದಿನದಕ್ಕೆ ಸಂಜ್ಞೆ ದಾಟಿಸುತ್ತದೆ. ಹೀಗೆ ಸರಪಳಿಯಂತೆ ಹದಿನಾರು ಮೈಕುಗಳನ್ನು ಒಂದೇ ಡೇಟಾ ತಂತಿಗೆ ಕಟ್ಟಬಹುದು. ಎಂಟು ಮೈಕು, ಸೆಕೆಂಡಿಗೆ 16,000 ಅಳತೆ ಎಂದರೆ ಕ್ಲಾಕ್ ಸೆಕೆಂಡಿಗೆ 40,96,000 ಸಲ ಮಿಡಿಯುತ್ತದೆ. ಮೈಕುಗಳ ಸಂಖ್ಯೆ ಏರಿದಂತೆ ಈ ವೇಗವೂ ಏರುವುದರಿಂದ ತಂತಿಯ ಗುಣಮಟ್ಟ ಚೆನ್ನಾಗಿರಬೇಕು. ಬ್ರೆಡ್‌ಬೋರ್ಡಿನ ಮೇಲೆ ಮಾಡುವ ಕೆಲಸವಲ್ಲ ಇದು.

ತಂತಿ, ವೋಲ್ಟೇಜು, ಧೂಳು

ಪುಸ್ತಕದ ಚಿತ್ರದಲ್ಲಿ ಎಲ್ಲ ತಂತಿಗಳೂ ಒಂದೇ ಬಗೆ. ಕೈಯಲ್ಲಿ ಹಿಡಿದಾಗ ಹಾಗಲ್ಲ. ಐ-ಟು-ಎಸ್ ಹುಟ್ಟಿದ್ದು ಒಂದೇ ಬೋರ್ಡಿನ ಮೇಲಿನ ಚಿಪ್‌ಗಳಿಗಾಗಿ. ತಂತಿ ಒಂದು ಗೇಣು ಮೀರಿತೆಂದರೆ ಕ್ಲಾಕಿನ ಚೂಪಾದ ಅಂಚು ಮೊಂಡಾಗಿ, ತುದಿಯಿಂದ ಹಿಂದಿರುಗಿದ ಅಲೆಯೊಂದಿಗೆ ಬೆರೆತು, ಮೈಕು ಒಂದು ಮಿಡಿತವನ್ನು ಎರಡೆಂದು ಎಣಿಸತೊಡಗುತ್ತದೆ. ಆಗ ದನಿಯ ಜಾಗದಲ್ಲಿ ಕೇಳುವುದು ಪಟಪಟ ಸದ್ದು. ಕ್ಲಾಕ್ ಹೊರಡುವ ಪಿನ್ನಿಗೆ ಹತ್ತಿರದಲ್ಲಿ 33ರಿಂದ 100 ಓಮ್‌ನ ಒಂದು ರೆಸಿಸ್ಟರ್ ಸಾಲಿನಲ್ಲಿ ಸೇರಿಸಿದರೆ ಈ ಕಾಟ ಬಹುಪಾಲು ಇಳಿಯುತ್ತದೆ. ಕ್ಲಾಕ್ ತಂತಿಗೆ ಒಂದು ಗ್ರೌಂಡ್ ತಂತಿಯನ್ನು ಹೊಸೆದು ಒಯ್ಯುವುದು, ಪ್ರತಿ ಮೈಕಿನ ಬುಡದಲ್ಲೇ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಡುವುದು, ಡೇಟಾ ತಂತಿಯನ್ನು 100 ಕಿಲೊ ಓಮ್ ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಸೇರಿಸುವುದು, ಇವೆಲ್ಲ ಸೇರಿ ಕೆಲವು ರೂಪಾಯಿಗಳ ಖರ್ಚು. ಇವನ್ನು ಬಿಟ್ಟು ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತ ದಿನಗಟ್ಟಲೆ ಕೂರುವವರೇ ಹೆಚ್ಚು.

ವೋಲ್ಟೇಜು 3.3ಕ್ಕಿಂತ ಹೆಚ್ಚಾಗಬಾರದು. ಹಳೆಯ ಆರ್ಡುಯಿನೊ ಬೋರ್ಡಿನ 5 ವೋಲ್ಟ್ ಕೊಟ್ಟರೆ ಮೈಕು ಸುಟ್ಟುಹೋಗುತ್ತದೆ. ಡಿಜಿಟಲ್ ಮೈಕಿನ ದೊಡ್ಡ ಉಪಕಾರವೂ ಈ ತಂತಿಗಳಲ್ಲೇ ಇದೆ. ಹಳೆಯ ಅನಲಾಗ್ ಮೈಕಿನ ತಂತಿ ಪಂಪ್‌ಸೆಟ್ ಮೋಟರು, ಮನೆಯ ವೈರಿಂಗು ಹತ್ತಿರವಿದ್ದರೆ 50 ಹರ್ಟ್ಸ್‌ನ ಗುಂಯ್‌ಗುಡುವಿಕೆಯನ್ನು ಎಳೆದುಕೊಳ್ಳುತ್ತದೆ. ಡಿಜಿಟಲ್ ತಂತಿಯಲ್ಲಿ ಸೊನ್ನೆ ಮತ್ತು ಒಂದು ಮಾತ್ರ ಇರುವುದರಿಂದ ಆ ಗುಂಯ್‌ಗುಡುವಿಕೆ ದನಿಯೊಳಗೆ ಸೇರುವುದಿಲ್ಲ.

ದನಿ ಒಳಹೋಗುವ ರಂಧ್ರ ಐಎನ್‌ಎಂಪಿ441ರಲ್ಲಿ ತಳಭಾಗದಲ್ಲಿದೆ, ಬೋರ್ಡಿನಲ್ಲಿ ಕೊರೆದ ತೂತಿನ ಮೂಲಕ ದನಿ ಬರುತ್ತದೆ. ಸೋಲ್ಡರ್ ಮಾಡಿದ ಮೇಲೆ ಆ ತೂತಿಗೆ ಊದುವುದಾಗಲಿ, ತೊಳೆಯುವ ದ್ರಾವಣ ಹಾಕುವುದಾಗಲಿ ಮಾಡಿದರೆ ಪೊರೆ ಹಾಳಾಗುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಬೇಸಿಗೆಯಲ್ಲಿ ಎರೆಮಣ್ಣಿನ ಸಣ್ಣ ಧೂಳು ಎಲ್ಲ ಸಂದಿಗಳಿಗೂ ನುಗ್ಗುತ್ತದೆ. ಹೊರಗಿಡುವ ಮೈಕಿಗೆ ದನಿ ಬಿಟ್ಟು ಧೂಳು, ನೀರು ತಡೆಯುವ ತೆಳು ಜಾಲರಿ, ಅದರ ಮೇಲೆ ಗಾಳಿಯ ಹೊಡೆತ ತಡೆಯಲು ಸ್ಪಂಜಿನ ಹೊದಿಕೆ ಎರಡೂ ಬೇಕು. ಬಯಲುಸೀಮೆಯ ಗಾಳಿಯೇ ಮೈಕಿಗೆ ದೊಡ್ಡ ಸದ್ದು. ಈ ಸದ್ದು ಪ್ರತಿ ಮೈಕಿನ ಬಾಯಲ್ಲೂ ಬೇರೆ ಬೇರೆಯಾಗಿ ಹುಟ್ಟುವುದರಿಂದ ದಿಕ್ಕಿನ ಲೆಕ್ಕವನ್ನು ಬಹಳ ಕೆಡಿಸುತ್ತದೆ.

ಅಂಕಿಗಳನ್ನು ಓದಿಕೊಳ್ಳುವ ಬಗೆ

ಸೆಕೆಂಡಿಗೆ ಸಾವಿರಾರು ಅಂಕಿಗಳು ಬರುತ್ತಿರುವಾಗ ಪ್ರತಿಯೊಂದಕ್ಕೂ ಸಂಸ್ಕಾರಕ ಕೈಯೊಡ್ಡಿ ನಿಂತರೆ ಬೇರೆ ಕೆಲಸಕ್ಕೆ ಬಿಡುವಿಲ್ಲ. ಆದ್ದರಿಂದ ಡಿಎಂಎ ಎಂಬ ವ್ಯವಸ್ಥೆ. ಅಂಕಿಗಳನ್ನು ಸಂಸ್ಕಾರಕದ ಹಂಗಿಲ್ಲದೆ ನೇರವಾಗಿ ಸ್ಮೃತಿಗೆ ತುಂಬುವುದು ಅದರ ಕೆಲಸ. ಸ್ಮೃತಿಯಲ್ಲಿ ಎರಡು ಜಾಗಗಳನ್ನು ಕಾದಿರಿಸುತ್ತಾರೆ. ಒಂದು ತುಂಬುತ್ತಿರುವಾಗ ಇನ್ನೊಂದರ ಲೆಕ್ಕ ನಡೆಯುತ್ತದೆ. ಒಂದೊಂದರಲ್ಲೂ 256 ಅಳತೆ ಹಿಡಿಸಿದರೆ, 16,000ದ ವೇಗದಲ್ಲಿ ಲೆಕ್ಕ ಮುಗಿಸಲು ಸಿಗುವ ಕಾಲ 16 ಮಿಲಿಸೆಕೆಂಡ್. ಪ್ರೋಗ್ರಾಂ ಅದಕ್ಕಿಂತ ನಿಧಾನವಾದರೆ ದನಿಯ ತುಣುಕುಗಳು ಬಿದ್ದುಹೋಗುತ್ತವೆ.

ಬರುವ ಅಂಕಿ 24 ಬಿಟ್‌ನದು, 32 ಬಿಟ್‌ಗಳ ಸರದಿಯಲ್ಲಿ ಎಡಕ್ಕೆ ಒತ್ತಿಕೊಂಡು ಕೂತಿರುತ್ತದೆ. ಅದನ್ನು ಚಿಹ್ನೆ ಕೆಡದಂತೆ ಎಂಟು ಸ್ಥಾನ ಬಲಕ್ಕೆ ಸರಿಸಬೇಕು. ವಿದ್ಯುತ್ ಕೊಟ್ಟ ಕೂಡಲೇ ಬರುವುದೆಲ್ಲ ಸೊನ್ನೆ ಎಂದು ಗಾಬರಿಯಾಗಬೇಕಿಲ್ಲ. ಐಎನ್‌ಎಂಪಿ441 ಮೊದಲ 2,62,144 ಮಿಡಿತಗಳವರೆಗೆ ಸೊನ್ನೆಯನ್ನೇ ಕೊಡುತ್ತದೆ. 16,000ದ ವೇಗದಲ್ಲಿ ಅದು ಕಾಲು ಸೆಕೆಂಡು.

ಆಮೇಲೆ ಮೈಕುಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ. ಒಂದೇ ಕಂಪನಿಯ ಒಂದೇ ಮಾದರಿಯ ಮೈಕುಗಳೂ ಒಂದೇ ದನಿಯನ್ನು ಒಂದೇ ಗಟ್ಟಿತನದಲ್ಲಿ ಕೇಳುವುದಿಲ್ಲ. ಐಎನ್‌ಎಂಪಿ441ರ ಸಂವೇದನೆಯಲ್ಲಿ 3 ಡೆಸಿಬೆಲ್ ಹೆಚ್ಚುಕಡಿಮೆ ಇರಬಹುದು. ಎಲ್ಲ ಮೈಕುಗಳಿಂದ ಸಮದೂರದಲ್ಲಿ ಒಂದು ಸ್ಪೀಕರ್ ಇಟ್ಟು, ಅದೇ ದನಿ ನುಡಿಸಿ, ಪ್ರತಿಯೊಂದರ ಸರಾಸರಿ ಬಲ ಅಳೆದು, ಕಡಿಮೆ ಕೇಳುವುದನ್ನು ಲೆಕ್ಕದಲ್ಲಿ ಮೇಲೆತ್ತಬೇಕು. ಇದೊಂದನ್ನು ಮಾಡದೆ ಇಡೀ ಪ್ರಯೋಗವನ್ನು ದೂರುವುದು ನ್ಯಾಯವಲ್ಲ.

ದಿಕ್ಕು ಹೇಗೆ ಸಿಗುತ್ತದೆ

ಎರಡು ಮೈಕುಗಳ ಅಂಕಿಸಾಲುಗಳನ್ನು ಒಂದರ ಮೇಲೊಂದು ಇಟ್ಟು, ಒಂದನ್ನು ಒಂದೊಂದೇ ಹೆಜ್ಜೆ ಸರಿಸುತ್ತ, ಎಲ್ಲಿ ಎರಡೂ ಅತಿ ಹೆಚ್ಚು ಹೊಂದುತ್ತವೆ ಎಂದು ಹುಡುಕುವುದು ಮೂಲ ವಿಧಾನ. ಗೋಡೆಗಳ ಮಾರ್ದನಿ ಇದ್ದಾಗಲೂ ಇದು ಸ್ವಲ್ಪ ತಡೆದುಕೊಳ್ಳುವಂತೆ ನ್ಯಾಪ್ ಮತ್ತು ಕಾರ್ಟರ್ 1976ರಲ್ಲಿ ವಿವರಿಸಿದ ಸುಧಾರಣೆ ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿದೆ. ಉದಾಹರಣೆಗೆ 20 ಸೆಂಟಿಮೀಟರ್ ಅಂತರದ ಎರಡು ಮೈಕುಗಳಲ್ಲಿ ಐದು ಹೆಜ್ಜೆಯ ಅಂತರ ಕಂಡಿತೆನ್ನೋಣ. ಒಂದು ಹೆಜ್ಜೆ 62.5 ಮೈಕ್ರೊಸೆಕೆಂಡ್, ಐದಕ್ಕೆ 312.5. ಅಷ್ಟರಲ್ಲಿ ದನಿ ಓಡುವುದು 10.7 ಸೆಂಟಿಮೀಟರ್. ಅದನ್ನು 20ರಿಂದ ಭಾಗಿಸಿದರೆ 0.536, ಅದು 32 ಡಿಗ್ರಿಯ ಸೈನ್. ಹತ್ತನೇ ತರಗತಿಯ ತ್ರಿಕೋನಮಿತಿ ಇಷ್ಟಕ್ಕೆ ಸಾಕು. ಎದುರಿನಿಂದ ನೇರ ಬರುವ ದನಿಗೆ ಒಂದು ಹೆಜ್ಜೆಯ ತಪ್ಪು ಸುಮಾರು 6 ಡಿಗ್ರಿಯ ತಪ್ಪು. ಇನ್ನೂ ನಿಖರ ಬೇಕೆಂದರೆ ಅಳತೆಯ ವೇಗ ಹೆಚ್ಚಿಸಬೇಕು, ಇಲ್ಲವೇ ಹೆಜ್ಜೆಗಳ ನಡುವಿನ ಭಾಗವನ್ನು ಗಣಿತದಿಂದ ಊಹಿಸಬೇಕು.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. 40 ಡಿಗ್ರಿಯ ಮಧ್ಯಾಹ್ನ ಅದು 355 ಮೀಟರ್. ಮೇಲಿನ ಲೆಕ್ಕದ 32 ಡಿಗ್ರಿ ಆಗ ಸುಮಾರು 34 ಆಗುತ್ತದೆ. ತಾಪಮಾಪಕವೊಂದನ್ನು ಅದೇ ಚಿಪ್‌ಗೆ ಸೇರಿಸಿದರೆ ಇದನ್ನು ಸರಿಪಡಿಸಿಕೊಳ್ಳಬಹುದು.

ಎರಡು ಮೈಕು ದಿಕ್ಕಿನ ಕೋನ ಹೇಳುತ್ತವೆ, ಆದರೆ ದನಿ ಮುಂದಿನದೋ ಹಿಂದಿನದೋ ಹೇಳಲಾರವು. ತ್ರಿಕೋನವಾಗಿಟ್ಟ ಮೂರು ಮೈಕುಗಳು ನೆಲಮಟ್ಟದ ಸುತ್ತಳತೆಯನ್ನೆಲ್ಲ ಹೇಳುತ್ತವೆ. ಒಂದೇ ಸಮತಲದಲ್ಲಿರದ ನಾಲ್ಕು ಮೈಕುಗಳು ಎತ್ತರವನ್ನೂ ಹೇಳುತ್ತವೆ. ಕಲಘಟಗಿಯ ಹೊಲದ ಹಂದಿಗೆ ಮೂರು ಸಾಕು, ಮರದ ಮೇಲಿನ ನವಿಲಿಗೆ ನಾಲ್ಕು ಬೇಕು. ಮೈಕುಗಳ ಅಂತರ ಹೆಚ್ಚಿದಷ್ಟೂ ಕೋನ ನಿಖರ. ಆದರೆ ಅಂತರ ದನಿಯ ಅಲೆಯ ಅರ್ಧ ಉದ್ದ ಮೀರಿದರೆ ಎರಡು ದಿಕ್ಕುಗಳು ಒಂದೇ ಥರ ಕಾಣತೊಡಗುತ್ತವೆ. 5 ಸೆಂಟಿಮೀಟರ್ ಅಂತರಕ್ಕೆ ಆ ಮಿತಿ ಸುಮಾರು 3,400 ಹರ್ಟ್ಸ್.

ಹಲವು ದನಿಗಳು ಒಮ್ಮೆಗೇ ಬಂದಾಗ ಅವುಗಳ ದಿಕ್ಕುಗಳನ್ನು ಬೇರ್ಪಡಿಸುವ ಗಣಿತ ಇದಕ್ಕಿಂತ ಆಳವಾದದ್ದು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಕೆ.ವಿ.ಎಸ್. ಹರಿ ಅವರು ಭಾಸ್ಕರ್ ರಾವ್ ಅವರೊಂದಿಗೆ 1989ರಲ್ಲಿ ಪ್ರಕಟಿಸಿದ ಪ್ರಬಂಧ ರೂಟ್-ಮ್ಯೂಸಿಕ್ ಎಂಬ ದಿಕ್ಕು ಹುಡುಕುವ ವಿಧಾನ ಎಷ್ಟರ ಮಟ್ಟಿಗೆ ನಿಖರ ಎಂಬುದನ್ನು ವಿಶ್ಲೇಷಿಸಿತು. ರೇಡಾರ್, ಆಂಟೆನಾ, ಮೈಕು ಯಾವುದೇ ಇರಲಿ, ಸಾಲಾಗಿ ನಿಂತ ಸಂವೇದಕಗಳಿಗೆಲ್ಲ ಅದೇ ಗಣಿತ ಅನ್ವಯಿಸುತ್ತದೆ.

ದಿಕ್ಕು ತಿಳಿದ ಮೇಲೆ ಆ ಕಡೆಯ ದನಿಯನ್ನು ಎತ್ತಿಹಿಡಿಯುವುದು ಸುಲಭ. ಪ್ರತಿ ಮೈಕಿನ ಅಂಕಿಗಳನ್ನು ತಕ್ಕಷ್ಟು ತಡಮಾಡಿ ಕೂಡಿಸಿದರೆ ಬೇಕಾದ ದಿಕ್ಕಿನ ದನಿ ಒಂದಕ್ಕೊಂದು ಸೇರಿ ಬಲಿಯುತ್ತದೆ, ಉಳಿದವು ಒಂದನ್ನೊಂದು ಹೊಡೆದುಕೊಂಡು ಸೋಲುತ್ತವೆ. ಪ್ರತಿ ಮೈಕಿನೊಳಗಿನ ಗುಸುಗುಸುವೂ ಇದೇ ರೀತಿ ತಗ್ಗುತ್ತದೆ, ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ 3 ಡೆಸಿಬೆಲ್. ಐಎನ್‌ಎಂಪಿ441ರ ಸ್ವಂತ ಗುಸುಗುಸು ಸುಮಾರು 33 ಡೆಸಿಬೆಲ್ ದನಿಗೆ ಸಮ. ನಾಲ್ಕು ಮೈಕುಗಳನ್ನು ಕೂಡಿಸಿದರೆ ಅದು 27ಕ್ಕೆ ಇಳಿಯುತ್ತದೆ. ಮೇಲಿನ ಮಿತಿ 120 ಡೆಸಿಬೆಲ್, ಜಗ್ಗಲಗಿ ಮೇಳಕ್ಕೆ ತೀರ ಹತ್ತಿರ ಇಟ್ಟರೆ ಈ ಮೈಕು ದನಿಯನ್ನು ಹರಿದುಹಾಕಬಹುದು. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಗೆ ನಡೆಯುವ ಸಂಗೀತೋತ್ಸವವನ್ನು ಧ್ವನಿಮುದ್ರಿಸಲು ಈ ಅಗ್ಗದ ಮೈಕುಗಳು ಎಷ್ಟೇ ಸಂಖ್ಯೆಯಲ್ಲಿದ್ದರೂ ತಕ್ಕವಲ್ಲ. ಅಲ್ಲಿಗೆ ಸ್ಟುಡಿಯೊ ಮಟ್ಟದ ಮೈಕುಗಳೇ ಆಗಬೇಕು. ತಾನ್‌ಪುರದ ನಾದ ಮೈಕಿನ ಗುಸುಗುಸುವಿನಲ್ಲಿ ಮುಳುಗಿದರೆ ಧ್ವನಿಮುದ್ರಿಸಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಹೊಲದ ಅಳತೆಗೆ

ಅಂಗೈಯಗಲದ ಬೋರ್ಡಿನಲ್ಲಿ ಸರಿಯಾದದ್ದು ಎಕರೆಗಟ್ಟಲೆ ಹೊಲದಲ್ಲಿ ಹಾಗೆಯೇ ನಡೆಯುವುದಿಲ್ಲ. 50 ಮೀಟರ್ ದೂರಕ್ಕೆ ಐ-ಟು-ಎಸ್ ತಂತಿ ಎಳೆಯಲಾಗದು. ಆಗ ಬದುವಿನ ಪ್ರತಿ ಮೂಲೆಗೆ ಒಂದು ಚಿಪ್, ಅದಕ್ಕೆ ಮೂರು ನಾಲ್ಕು ಮೈಕು. ಪ್ರತಿ ಚಿಪ್ ತನ್ನ ಮೈಕುಗಳಿಂದ ದಿಕ್ಕನ್ನು ತಾನೇ ಲೆಕ್ಕಹಾಕಿ ಕೋನವನ್ನಷ್ಟೇ ಕಳಿಸಿದರೆ, ಎರಡು ಮೂಲೆಗಳ ಗೆರೆಗಳು ಸಂಧಿಸುವಲ್ಲಿ ಪ್ರಾಣಿ ಇದೆ. ಮೂಲೆಗಳ ನಡುವೆಯೂ ದನಿಯ ಅಂತರವನ್ನು ಅಳೆಯಬೇಕೆಂದರೆ ಜಿಪಿಎಸ್ ಬೇಕು. ಪ್ರತಿ ಸೆಕೆಂಡಿಗೊಮ್ಮೆ ಉಪಗ್ರಹದ ಗಡಿಯಾರಕ್ಕೆ ಹೊಂದಿಕೊಂಡು ಬರುವ ಅದರ ಮಿಡಿತ ಆಗ ಎಲ್ಲ ಚಿಪ್‌ಗಳ ಸಮಾನ ತಾಳವಾಗುತ್ತದೆ.

ಲೆಕ್ಕವನ್ನು ಹೊಲದಲ್ಲೇ ಮುಗಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾಲ್ಕು ಮೈಕುಗಳ ದನಿಯನ್ನು 16 ಬಿಟ್‌ಗೆ ಇಳಿಸಿ ಕಳಿಸಿದರೂ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಬಿಟ್. ನೆಟ್‌ವರ್ಕ್ ಬಂದು ಹೋಗುವ ಊರುಗಳಲ್ಲಿ ಅದು ಆಗದ ಮಾತು. ಮೆಮೊರಿ ಕಾರ್ಡಿಗೆ ಬರೆದರೆ ಗಂಟೆಗೆ 460 ಮೆಗಾಬೈಟ್. ದನಿಯನ್ನು ಕೂಡಿಡದೆ ಫಲಿತಾಂಶವನ್ನಷ್ಟೇ ಉಳಿಸಿಕೊಂಡರೆ ಜನರ ಮಾತುಕತೆಯೂ ಕಾರ್ಡಿನಲ್ಲಿ ಉಳಿಯುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದನ್ನು ಮರೆಯುವಂತಿಲ್ಲ. ಕಾಯ್ದೆ ಇರಲಿ ಬಿಡಲಿ, ಹೊಲದ ದಾರಿಯಲ್ಲಿ ಮಾತಾಡಿಕೊಂಡು ಹೋಗುವವರ ಮಾತು ಯಂತ್ರದಲ್ಲಿ ಉಳಿಯಬಾರದು.

ಮೈಕುಗಳಿಗೆ ತಗಲುವ ವಿದ್ಯುತ್ತು ಅತ್ಯಲ್ಪ, ಒಂದೊಂದಕ್ಕೆ 1.4 ಮಿಲಿಆಂಪಿಯರ್. ವೈಫೈಯಲ್ಲಿ ಕಳಿಸುತ್ತಿರುವ ಚಿಪ್ ಇದರ ನೂರು ಪಟ್ಟಿಗೂ ಮೀರಿ ಎಳೆಯುತ್ತದೆ. ಚಿಕ್ಕ ಸೌರಫಲಕದ ಮೇಲೆ ರಾತ್ರಿಯಿಡೀ ನಡೆಯಬೇಕಾದರೆ ವೈಫೈ ಆರಿಸಿಟ್ಟು, ಹೇಳುವುದಿದ್ದಾಗ ಮಾತ್ರ ಎಬ್ಬಿಸಬೇಕು.

ಕಣಜದ ಒಳಗೆ ಕಿವಿಗೊಡುವುದು ಈ ವಿದ್ಯೆಯ ಇನ್ನೊಂದು ಬಳಕೆ. ನವಲಗುಂದದ ಹೆಸರು, ಅಣ್ಣಿಗೇರಿಯ ಕಡಲೆ ಮನೆಯಲ್ಲಿ ಕೂಡಿಟ್ಟ ಮೇಲೆ ನುಸಿ ಹತ್ತಿದರೆ ತಿಳಿಯುವುದು ಕಾಳು ತೂತಾದ ಮೇಲೆ. ಕಾಳಿನೊಳಗೆ ಕೂತು ತಿನ್ನುವ ಮರಿಹುಳು ಬಹಳ ಸಣ್ಣ ಸದ್ದು ಮಾಡುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 1990ರ ದಶಕದಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಸಾಲಾಗಿ ಜೋಡಿಸಿದ ಸಂವೇದಕಗಳಿಂದ, ಯಾವುದಕ್ಕೆ ಸದ್ದು ಮೊದಲು ತಲುಪಿತು ಎಂದು ನೋಡಿ, ಧಾನ್ಯದ ಮಾದರಿಯಲ್ಲಿ ಹುಳುಗಳು ಎಲ್ಲೆಲ್ಲಿವೆ, ಎಷ್ಟಿವೆ ಎಂದು ಎಣಿಸಿ ತೋರಿಸಿದರು. ಗಾಳಿಯ ಮೂಲಕ ಬರುವ ದನಿ ಕೇಳುವ ಮೈಕಿಗೆ ಈ ಸದ್ದು ಸಿಗುವುದು ಕಷ್ಟ, ಅದರ ಸ್ವಂತ ಗುಸುಗುಸುವೇ ಹೆಚ್ಚು. ಕಾಳಿಗೆ ತಾಗಿ ಅದುರುತ್ತ, ಆ ಅದುರುವಿಕೆಯನ್ನು ವಿದ್ಯುತ್ತಾಗಿಸುವ ಪೀಜೋ ಸಂವೇದಕಗಳು ಬೇಕು. ಅವು ಅನಲಾಗ್ ಆದ್ದರಿಂದ ಮೊದಲು ಹಲವು ಬಾಯಿಗಳ ಒಂದು ಪರಿವರ್ತಕ ಚಿಪ್‌ಗೆ ಸೇರಿಸಿ, ಅಲ್ಲಿಂದ ಟಿಡಿಎಂ ತಂತಿಯಲ್ಲಿ ಮೈಕ್ರೊಕಂಟ್ರೋಲರ್‌ಗೆ ತರಬೇಕು. ಎಂಟು ಸಂವೇದಕಗಳಾದರೂ ಕ್ಲಾಕ್, ಸರದಿ, ಡೇಟಾ ಎಂದು ಅದೇ ಮೂರು ತಂತಿ. ಕಾಳಿನ ಡಬ್ಬಿಯನ್ನು ಹೊರಗಿನ ಸದ್ದು, ಅದುರುವಿಕೆ ತಾಗದಂತೆ ದಪ್ಪ ಸ್ಪಂಜಿನ ಪೆಟ್ಟಿಗೆಯಲ್ಲಿಟ್ಟು, ಹತ್ತಾರು ನಿಮಿಷ ಕೇಳಿ, ಟಿಕ್ ಎಂಬ ಸದ್ದುಗಳನ್ನು ಜಾಗದ ಪ್ರಕಾರ ಎಣಿಸಬೇಕು.